ಪಜಲ್ ಬಿಡಿಸುವ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಏಕೆ ಎಡವುತ್ತಾರೆ?

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 6 ಮತ್ತು 7ನೇ ತರಗತಿ ಸೇರಿ 22 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಂದಿ ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವವರು. ಶಾಲೆ ಶುರುವಾದಾಗಿನಿಂದ ಪ್ರತಿ ಶನಿವಾರ ಒಂದು ಪೀರಿಯಡ್ ಪಜಲ್‌ಗೆ ಇಟ್ಟಿದ್ದೇನೆ. ಹುಲಿ-ಆಡು-ಹುಲ್ಲು, ಬಾವಿಯಲ್ಲಿ ಬಿದ್ದ ಬಸವನಹುಳು, ತಲೆ-ಕಾಲಿನ ಲೆಕ್ಕ ಎಲ್ಲ ಆಗಿವೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಉತ್ತರ ಹೇಳುವವರು ಯಾವಾಗಲೂ ಅದೇ ಮೂವರು. ಕೆಲವರು ಮೊಬೈಲಿನಲ್ಲಿ ಉತ್ತರ ನೋಡಿಕೊಂಡು ಬರುತ್ತಾರೆ. ಪರೀಕ್ಷೆಯಲ್ಲಿ ವಾಕ್ಯರೂಪದ ಲೆಕ್ಕ ಬಂದರೆ ಮೊದಲಿನಂತೆಯೇ ಬಿಟ್ಟು ಬರುತ್ತಾರೆ. "ಮಳೆ ರಜೆಯಲ್ಲೇ ಪಾಠ ಹಿಂದೆ ಬಿದ್ದಿದೆ, ಇದೆಲ್ಲ ಬೇಕಾ ಮೇಡಂ?" ಎಂದು ಮುಖ್ಯ ಶಿಕ್ಷಕರು ಕೇಳುತ್ತಿದ್ದಾರೆ. ನಿಲ್ಲಿಸಿಬಿಡಲೇ? ಮುಂದುವರಿಸುವುದಾದರೆ ಯಾವ ಪಜಲ್, ಯಾವ ಕ್ರಮದಲ್ಲಿ? ಉತ್ತರ ಹೇಳಬೇಕೇ, ಬೇಡವೇ?

ಉತ್ತರ: ನಿಲ್ಲಿಸಬೇಡಿ. ಆದರೆ ಈಗ ಮಾಡುತ್ತಿರುವ ಹಾಗೆ ಮುಂದುವರಿಸಿದರೂ ಪ್ರಯೋಜನ ಕಡಿಮೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಪಜಲ್‌ನಲ್ಲಿ ಕಂಡ ಚುರುಕುತನ ಪುಸ್ತಕದ ಲೆಕ್ಕಕ್ಕೆ ಇಳಿಯುತ್ತಿಲ್ಲ ಎಂಬುದು ಒಂದು. ಮೂವರು ಆಡುತ್ತಿದ್ದಾರೆ, ಹತ್ತೊಂಬತ್ತು ಮಂದಿ ನೋಡುತ್ತಿದ್ದಾರೆ ಎಂಬುದು ಇನ್ನೊಂದು. ಎರಡರ ಬೇರೂ ಬಹುಮಟ್ಟಿಗೆ ಒಂದೇ. ಸರಿ ಉತ್ತರ ಕಿವಿಗೆ ಬಿದ್ದ ಕೂಡಲೇ ಪಜಲ್ ಮುಗಿಯಿತು ಎಂದು ಎಲ್ಲರೂ ಪುಸ್ತಕ ಮುಚ್ಚುತ್ತಾರೆ. ಹೇಗೆ ಬಂತು, ಎಲ್ಲಿ ಸಿಕ್ಕಿಕೊಂಡಿತು, ಇದೇ ಉಪಾಯ ಇನ್ನೆಲ್ಲಿ ನಡೆಯುತ್ತದೆ ಎಂಬ ಮಾತುಕತೆಗೆ ಪೀರಿಯಡ್ ಉಳಿದಿರುವುದಿಲ್ಲ.

"ಪಜಲ್ ಬಿಡಿಸಿದರೆ ಬುದ್ಧಿ ಚುರುಕಾಗುತ್ತದೆ, ಆಮೇಲೆ ಎಲ್ಲ ಲೆಕ್ಕವೂ ತಾನಾಗಿ ಬರುತ್ತದೆ" ಎಂಬ ನಂಬಿಕೆ ಶಿಕ್ಷಕರಲ್ಲೂ ಪೋಷಕರಲ್ಲೂ ಗಟ್ಟಿಯಾಗಿದೆ. ಇದು ಅರ್ಧ ಸತ್ಯ, ಕೈಕೊಡುವುದು ಉಳಿದರ್ಧ. 1980ರಲ್ಲಿ ಗಿಕ್ ಮತ್ತು ಹೋಲಿಯೋಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮುಂದೆ ಒಂದು ಸಮಸ್ಯೆ ಇಟ್ಟರು. ಹೊಟ್ಟೆಯೊಳಗಿನ ಗಡ್ಡೆಯನ್ನು ಕಿರಣದಿಂದ ಸುಡಬೇಕು. ಜೋರಾದ ಕಿರಣ ಬಿಟ್ಟರೆ ದಾರಿಯಲ್ಲಿರುವ ಒಳ್ಳೆಯ ಮಾಂಸವೂ ಸುಡುತ್ತದೆ, ಮೆಲ್ಲಗೆ ಬಿಟ್ಟರೆ ಗಡ್ಡೆ ಸಾಯುವುದಿಲ್ಲ. ಏನು ಮಾಡುವುದು? ಸುತ್ತಲಿನ ಹಲವು ದಿಕ್ಕುಗಳಿಂದ ಸಣ್ಣ ಕಿರಣಗಳನ್ನು ಬಿಟ್ಟು ಗಡ್ಡೆಯ ಮೇಲೆ ಸೇರಿಸಬೇಕು. ತಾವಾಗಿ ಇದನ್ನು ಕಂಡುಕೊಂಡವರು ನೂರಕ್ಕೆ ಹತ್ತರಷ್ಟು. ಇನ್ನೊಂದು ಗುಂಪಿಗೆ ಮೊದಲು ಒಂದು ಕೋಟೆಯ ಕಥೆ ಓದಿಸಿದ್ದರು. ದೊಡ್ಡ ಸೈನ್ಯ ಒಂದೇ ದಾರಿಯಲ್ಲಿ ಹೋಗುವಂತಿಲ್ಲ, ಆದ್ದರಿಂದ ಸೇನಾಪತಿ ಅದನ್ನು ಸಣ್ಣ ತುಕಡಿಗಳಾಗಿ ಒಡೆದು ಹಲವು ದಾರಿಗಳಿಂದ ಏಕಕಾಲಕ್ಕೆ ನುಗ್ಗಿಸುತ್ತಾನೆ. ಉಪಾಯ ಅದೇ. ಆದರೂ ಕಥೆ ಓದಿದವರಲ್ಲಿ ತಾವಾಗಿ ಉತ್ತರ ಮುಟ್ಟಿದವರು ನೂರಕ್ಕೆ ಮೂವತ್ತರ ಆಸುಪಾಸು. "ಈಗ ಓದಿದ ಕಥೆ ನಿಮಗೆ ನೆರವಾಗಬಹುದು" ಎಂದು ಒಂದು ಮಾತು ಹೇಳಿದ್ದೇ ತಡ, ಸುಮಾರು ಮುಕ್ಕಾಲು ಪಾಲು ಜನ ಬಿಡಿಸಿದರು.

ಕಾಲೇಜು ಓದುವವರ ಗತಿಯೇ ಇದಾದರೆ, ಹುಲಿ-ಆಡು-ಹುಲ್ಲಿನಲ್ಲಿ ಕಲಿತದ್ದನ್ನು ಹನ್ನೊಂದು ವರ್ಷದ ಮಗು ಶೇಕಡಾವಾರು ಲೆಕ್ಕಕ್ಕೆ ತಾನಾಗಿ ಹಚ್ಚಿಕೊಳ್ಳಲಿ ಎಂದು ಕಾಯುವುದು ನ್ಯಾಯವಲ್ಲ. ಎರಡರ ನಡುವಿನ ಸೇತುವೆಯನ್ನು ನೀವೇ ತೋರಿಸಬೇಕು.

ಒಂದೇ ಜಾತಿಯ ಪಜಲ್‌ಗಳನ್ನು ಸಾಲಾಗಿ ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ. 1942ರಲ್ಲಿ ಲೂಚಿನ್ಸ್ ಎಂಬುವರು ಪ್ರಕಟಿಸಿದ ಪ್ರಯೋಗವನ್ನು ನಿಮ್ಮ ತರಗತಿಯಲ್ಲೇ ಮಾಡಿ ನೋಡಬಹುದು. 21, 127, 3 ಅಳತೆಯ ಮೂರು ಪಾತ್ರೆಗಳಿಂದ 100 ಅಳೆಯಿರಿ ಎನ್ನಿ. ದೊಡ್ಡದರಿಂದ 21 ಒಮ್ಮೆ, 3 ಎರಡು ಸಲ ತೆಗೆದರೆ 100. ಇದೇ ಉಪಾಯಕ್ಕೆ ಬಗ್ಗುವ ನಾಲ್ಕೈದು ಲೆಕ್ಕ ಕೊಟ್ಟು, ಕೊನೆಗೆ 23, 49, 3 ಕೊಟ್ಟು 20 ಕೇಳಿ. ಹೆಚ್ಚಿನವರು 49ರಿಂದ 23, 3, 3 ಕಳೆಯುತ್ತಾ ಕೂರುತ್ತಾರೆ. 23ರಿಂದ 3 ತೆಗೆದರೆ ಮುಗಿಯಿತು ಎಂಬುದು ಕಣ್ಣಿಗೇ ಬೀಳುವುದಿಲ್ಲ. ಅಭ್ಯಾಸ ಹೆಚ್ಚಾದಂತೆ ನೋಟ ಕಿರಿದಾಗುವುದೂ ಉಂಟು.

ಹಾಗಾಗಿ ತಿಂಗಳಿಗೆ ನಾಲ್ಕು ಪಜಲ್ ಬೇಡ, ಎರಡು ಸಾಕು. ಒಂದೊಂದನ್ನೂ ತಳದವರೆಗೆ ಅಗೆಯಿರಿ. ಹೇಗೆಂದು ನಿಮ್ಮ ಪಟ್ಟಿಯಿಂದಲೇ ಎತ್ತಿಕೊಂಡು ಹೇಳುತ್ತೇನೆ.

ಹುಲಿ-ಆಡು-ಹುಲ್ಲು. ಯುರೋಪಿನಲ್ಲಿ ಇದು ತೋಳ-ಮೇಕೆ-ಎಲೆಕೋಸಿನ ರೂಪದಲ್ಲಿ ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಆಲ್ಕ್ವಿನ್ ಎಂಬ ಪಂಡಿತರ ಹೆಸರಿನಲ್ಲಿರುವ ಸಂಗ್ರಹದಲ್ಲಿದೆ. ದುಬಾರೆಯಲ್ಲಿ ಕಾವೇರಿ ದಾಟುವ ದೋಣಿ ನಿಮ್ಮ ಮಕ್ಕಳು ನೋಡಿರುವುದೇ, ಅಲ್ಲಿಗೇ ಕೂರಿಸಿ. ಇಬ್ಬಿಬ್ಬರಿಗೆ ನಾಲ್ಕು ಚೀಟಿ ಕೊಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಳೆ ಬರೆಯಿರಿ. ದೋಣಿಯಲ್ಲಿ ದೋಣಿಯವನ ಜೊತೆ ಒಂದೇ ಒಂದಕ್ಕೆ ಜಾಗ. ಅವನಿಲ್ಲದ ದಡದಲ್ಲಿ ಹುಲಿ ಆಡನ್ನು, ಆಡು ಹುಲ್ಲನ್ನು ತಿನ್ನುತ್ತದೆ. ಆಡನ್ನು ಮೊದಲು ದಾಟಿಸಬೇಕು ಎಂಬುದು ಬೇಗ ಹೊಳೆಯುತ್ತದೆ. ಬರಿಗೈಯಲ್ಲಿ ಬಂದು ಹುಲಿಯನ್ನು ಒಯ್ಯುತ್ತಾರೆ. ಅಲ್ಲಿಗೆ ನಿಂತುಬಿಡುತ್ತಾರೆ. ಆಡನ್ನು ವಾಪಸ್ ತರಬೇಕು ಎಂಬುದು ಹೊಳೆಯದಿರಲು ಕಾರಣ ದಡ್ಡತನವಲ್ಲ. ಮಾಡಿದ ಕೆಲಸವನ್ನು ತಾವೇ ಕೆಡಿಸಿದಂತೆ ಅನಿಸುತ್ತದೆ, ಅಷ್ಟೇ. ಈ ಜಾಗದಲ್ಲಿ ಸುಳಿವು ಕೊಡಬೇಡಿ. "ಈಗ ದೋಣಿಯವನ ಮುಂದೆ ಎಷ್ಟು ದಾರಿ ಇದೆ? ಎಲ್ಲವನ್ನೂ ಬರೆಯಿರಿ" ಎಂದಷ್ಟೇ ಕೇಳಿ.

ಏಳು ಸಲ ದಾಟಿದ ಮೇಲೆ ಉತ್ತರ ಸಿಗುತ್ತದೆ. ನಿಮ್ಮ ತರಗತಿಯಲ್ಲಿ ಪಜಲ್ ಮುಗಿದದ್ದು ಬಹುಶಃ ಇಲ್ಲಿ. ಈಗ ಬೋರ್ಡಿಗೆ ಬನ್ನಿ. ದೋಣಿಯವ, ಹುಲಿ, ಆಡು, ಹುಲ್ಲು, ಪ್ರತಿಯೊಂದೂ ಈ ದಡದಲ್ಲಿರಬಹುದು ಇಲ್ಲವೇ ಆ ದಡದಲ್ಲಿ. ಒಟ್ಟು ಎಷ್ಟು ಬಗೆ? 2×2×2×2, ಅಂದರೆ 16. (ಹುಲಿಗೂ ಹುಲ್ಲಿಗೂ 'ಹು' ಎಂದೇ ಬರೆದು ಗೊಂದಲವಾಗುತ್ತದೆ. ಹುಲ್ಲಿನ ಬದಲು ಸೊಪ್ಪು ಎಂದರೆ ದೋ, ಹು, ಆ, ಸೊ ಎಂದು ಬರೆಯಬಹುದು.) ಹದಿನಾರನ್ನೂ ಮಕ್ಕಳೇ ಪಟ್ಟಿ ಮಾಡಲಿ. ಯಾರಾದರೂ ಯಾರನ್ನಾದರೂ ತಿನ್ನುವ ಬಗೆಗಳನ್ನು ಹೊಡೆದುಹಾಕಲಿ. ಆರು ಹೋಗುತ್ತವೆ, ಹತ್ತು ಉಳಿಯುತ್ತವೆ. ಒಂದೇ ಸಲ ದೋಣಿ ದಾಟಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದವುಗಳ ನಡುವೆ ಗೆರೆ ಎಳೆದರೆ, ದಾರಿ ಮಧ್ಯದಲ್ಲಿ ಎರಡಾಗಿ ಕವಲೊಡೆದು ಮತ್ತೆ ಕೂಡುವುದು ಕಾಣುತ್ತದೆ. ಒಂದು ಕವಲಿನಲ್ಲಿ ಹುಲಿ ಮೊದಲು, ಇನ್ನೊಂದರಲ್ಲಿ ಸೊಪ್ಪು ಮೊದಲು. ಎರಡೂ ಸರಿ ಉತ್ತರವೇ, ಮೂರನೆಯ ನೇರ ದಾರಿ ಇಲ್ಲ. ಉತ್ತರ ಬಾಯಿಪಾಠ ಮಾಡಿಕೊಂಡು ಬಂದ ಹುಡುಗನಿಗೂ ಇಲ್ಲಿ ಕೆಲಸವಿದೆ, ಏಕೆಂದರೆ ಇಷ್ಟನ್ನು ಮೊಬೈಲ್ ಹೇಳಿರುವುದಿಲ್ಲ.

ಉಪಾಯಕ್ಕೆ ಮಕ್ಕಳಿಂದಲೇ ಒಂದು ಹೆಸರು ಇಡಿಸಿ, "ಎಲ್ಲ ಬಗೆ ಬರೆ, ಆಗದ್ದು ಹೊಡೆ" ಎಂದೋ ಮತ್ತೇನೋ. ಚಾರ್ಟಿನಲ್ಲಿ ಬರೆದು ಗೋಡೆಗೆ ಹಚ್ಚಿ.

ಮುಂದಿನ ಸಲ ಮೇಲುನೋಟಕ್ಕೆ ಸಂಬಂಧವೇ ಇಲ್ಲದ ಪಜಲ್ ಕೊಡಬೇಕು: 5 ಲೀಟರ್ ಮತ್ತು 3 ಲೀಟರ್ ಕ್ಯಾನ್‌ಗಳಿಂದ ಸರಿಯಾಗಿ 4 ಲೀಟರ್ ಅಳೆಯುವುದು. ಎರಡು ಕ್ಯಾನಿನಲ್ಲಿರುವ ನೀರನ್ನು ಜೋಡಿ ಸಂಖ್ಯೆಯಾಗಿ ಬರೆಸಿ: (5,0), (2,3), (2,0), (0,2), (5,2), (4,3). ಆರು ಹೆಜ್ಜೆ. ಮೊದಲು 3ರ ಕ್ಯಾನ್ ತುಂಬಿಸಿ ಹೊರಟರೆ ಎಂಟು ಹೆಜ್ಜೆ ಬೇಕು, ಅದೂ ಸರಿಯೇ. ಮಳೆಗಾಲದಲ್ಲಿ ನೀರಿಗೇನೂ ಬರವಿಲ್ಲ, ಆದ್ದರಿಂದ ನಿಜವಾದ ಕ್ಯಾನ್ ತಂದೇ ಮಾಡಿಸಿ. ಇಲ್ಲಿ ಕೆಡುವುದು ಒಂದೇ ಕಡೆ: ಮಕ್ಕಳು ಕಣ್ಣಂದಾಜಿನಲ್ಲಿ ಅರ್ಧ ತುಂಬಿಸುತ್ತಾರೆ. ಪೂರ್ತಿ ತುಂಬಿಸಬೇಕು, ಪೂರ್ತಿ ಚೆಲ್ಲಬೇಕು, ಇಲ್ಲವೇ ಇನ್ನೊಂದು ತುಂಬುವವರೆಗೆ ಅಥವಾ ಇದು ಬರಿದಾಗುವವರೆಗೆ ಸುರಿಯಬೇಕು ಎಂಬ ನಿಯಮವನ್ನು ಮೊದಲೇ ಹೇಳಿ. ಕೊಡುವಾಗಲೇ ಕೇಳಿ: "ಹೊಳೆ ದಾಟಿಸುವಾಗ ಏನು ಮಾಡಿದೆವು? ಅದು ಇಲ್ಲಿ ನಡೆಯುತ್ತದಾ?" ಮೇಲಿನ ಪ್ರಯೋಗದಲ್ಲಿ ಮೂವತ್ತನ್ನು ಮುಕ್ಕಾಲಿಗೆ ಏರಿಸಿದ್ದು ಈ ಬಗೆಯ ಒಂದು ಮಾತೇ.

ಇದು ಬಂದ ಮೇಲೆ 6 ಲೀಟರ್, 4 ಲೀಟರ್ ಕ್ಯಾನ್ ಕೊಟ್ಟು 5 ಲೀಟರ್ ಕೇಳಿ. ಆಗುವುದೇ ಇಲ್ಲ. ಏನೇ ಮಾಡಿದರೂ ಸಮಸಂಖ್ಯೆಯೇ ಬರುತ್ತದೆ. ಆಗದ ಪಜಲ್‌ಗಳನ್ನೂ ಮಕ್ಕಳಿಗೆ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. "ನನಗೆ ಬರಲಿಲ್ಲ" ಎನ್ನುವುದಕ್ಕೂ "ಇದು ಯಾರಿಗೂ ಬರುವುದಿಲ್ಲ, ಏಕೆಂದರೆ..." ಎನ್ನುವುದಕ್ಕೂ ಬಹಳ ಅಂತರವಿದೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದು ಸಲವೇ ದಾಟಿ ಬರುವುದು ಅಸಾಧ್ಯ ಎಂದು ಗಣಿತಜ್ಞ ಆಯ್ಲರ್ 1736ರಲ್ಲಿ ತೋರಿಸಿದ್ದೂ ಇಂಥದ್ದೇ ಕೆಲಸ. ಅದಕ್ಕೆ ಸುಲಭದ ಬಾಗಿಲು ಬೇಕಿದ್ದರೆ, ಚೌಕ ಬರೆದು ಎರಡೂ ಕರ್ಣ ಎಳೆಯಿರಿ. ಪೆನ್ಸಿಲ್ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಹೋಗದೆ ಇದನ್ನು ಬರೆಯಲಾಗದು. ಮೇಲೆ ಮಾಡಿನಂತೆ ಎರಡು ಗೆರೆ ಸೇರಿಸಿದರೆ ಬರೆಯಬಹುದು, ಕೆಳಗಿನ ಮೂಲೆಯಿಂದ ಶುರುಮಾಡಿದರೆ ಮಾತ್ರ. ಗೆರೆ ಹೆಚ್ಚಾದಾಗ ಸುಲಭವಾಗಿದ್ದೇಕೆ ಎಂದು ಕೇಳಿ ಸುಮ್ಮನಿರಿ. ಒಂದೊಂದು ಮೂಲೆಯಲ್ಲಿ ಎಷ್ಟು ಗೆರೆ ಕೂಡುತ್ತವೆ ಎಂದು ಎಣಿಸುವ ಮಗು ಯಾವ ತರಗತಿಯಲ್ಲೂ ಒಂದಾದರೂ ಸಿಗುತ್ತದೆ.

ಪರೀಕ್ಷೆಯ ಲೆಕ್ಕಕ್ಕೆ ನೇರವಾಗಿ ದಾರಿ ಮಾಡುವುದು ತಲೆ-ಕಾಲಿನ ಲೆಕ್ಕ. ಚೀನಾದ ಹಳೆಯ ಗಣಿತ ಗ್ರಂಥ ಸುನ್‌ಜಿಯಲ್ಲಿ 35 ತಲೆ, 94 ಕಾಲು ಎಂದಿದೆ. ಅಷ್ಟು ದೊಡ್ಡ ಸಂಖ್ಯೆಯಿಂದ ಶುರುಮಾಡಬೇಡಿ. ಕೋಳಿ ಮತ್ತು ಆಡು ಸೇರಿ 8 ತಲೆ, 22 ಕಾಲು, ಯಾವುದು ಎಷ್ಟು ಎಂದರೆ ಸಾಕು. ಎಲ್ಲವೂ ಕೋಳಿ ಅಂದುಕೊಂಡರೆ 16 ಕಾಲು. ಹೆಚ್ಚಿಗೆ ಉಳಿದದ್ದು 6. ಇಲ್ಲಿ ತರಗತಿಯ ಅರ್ಧದಷ್ಟು ಮಕ್ಕಳು 6ನ್ನು 4ರಿಂದ ಭಾಗಿಸಲು ಹೋಗಿ ತಬ್ಬಿಬ್ಬಾಗುತ್ತಾರೆ. ಆಡಿಗೆ ನಾಲ್ಕು ಕಾಲಲ್ಲವೇ! ಹೊಸದಾಗಿ ಒಂದು ಆಡು ಒಳಗೆ ಬರುತ್ತಿಲ್ಲ, ಕೋಳಿಯೊಂದು ಆಡಾಗಿ ಬದಲಾಗುತ್ತಿದೆ, ಆದ್ದರಿಂದ ಹೆಚ್ಚುವುದು ಎರಡೇ ಕಾಲು ಎಂಬುದು ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಎಂಟು ಸೊನ್ನೆ ಬರೆಸಿ, ಪ್ರತಿಯೊಂದಕ್ಕೂ ಎರಡು ಕಡ್ಡಿಗೆರೆ ಹಾಕಿಸಿ. ಉಳಿದ ಆರು ಗೆರೆಗಳನ್ನು ಎರಡೆರಡಾಗಿ ಹಂಚಲಿ. ಮೂರು ಸೊನ್ನೆಗಳಿಗೆ ನಾಲ್ಕು ಕಾಲಾಗುತ್ತವೆ. ಮೂರು ಆಡು, ಐದು ಕೋಳಿ.

ಎರಡು ವಾರ ಬಿಟ್ಟು ವೇಷ ಬದಲಿಸಿ ಕೊಡಿ: ಪಿಕಪ್‌ನಲ್ಲಿ 24 ಮೂಟೆ ಕಾಫಿ. ಕೆಲವು 50 ಕಿಲೋ, ಉಳಿದವು 40 ಕಿಲೋ. ಒಟ್ಟು ತೂಕ 1090 ಕಿಲೋ. ಎಲ್ಲವೂ 40 ಅಂದುಕೊಂಡರೆ 960, ಹೆಚ್ಚಿಗೆ 130. ಒಂದೊಂದು ಮೂಟೆ ಬದಲಾದರೆ 10 ಹೆಚ್ಚು, ಆದ್ದರಿಂದ 50ರ ಮೂಟೆ 13, 40ರದು 11. ಇಲ್ಲಿ "ಕೋಳಿ ಯಾವುದು, ಆಡು ಯಾವುದು?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳಿದ ಮಗು ಅರ್ಧ ಲೆಕ್ಕ ಮಾಡಿದ ಹಾಗೆ. 7ನೇ ತರಗತಿಯವರಿಗೆ ಸರಳ ಸಮೀಕರಣದ ಪಾಠ ಬಂದಾಗ ಇದೇ ಮೂಟೆ ಲೆಕ್ಕವನ್ನು ಅಕ್ಷರ ಹಾಕಿ ಬರೆಸಬಹುದು. ಅದಕ್ಕೆ ಮೊದಲೇ ಅಕ್ಷರ ತಂದರೆ ಚಿತ್ರ ಬರೆಯುವ ಕೈ ನಿಂತುಬಿಡುತ್ತದೆ.

'ಅಂದುಕೊಂಡು ನೋಡುವ' ಈ ಉಪಾಯ ನಮ್ಮಲ್ಲೂ ಹಳೆಯದೇ. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ ಇದಕ್ಕೆ ಇಷ್ಟಕರ್ಮ ಎಂಬ ಹೆಸರಿದೆ. ಅಲ್ಲಿನ ಜೇನುಹುಳುಗಳ ಲೆಕ್ಕ ಭಿನ್ನರಾಶಿ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಹಿಂಡಿನ ಐದನೇ ಒಂದು ಭಾಗ ಕದಂಬಕ್ಕೆ, ಮೂರನೇ ಒಂದು ಭಾಗ ಇನ್ನೊಂದು ಹೂವಿಗೆ, ಇವೆರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದಕ್ಕೆ ಹೋದವು. ಒಂದು ಹುಳು ಗಾಳಿಯಲ್ಲೇ ಉಳಿಯಿತು. 3ರಿಂದಲೂ 5ರಿಂದಲೂ ಭಾಗವಾಗುವ 15 ಅಂದುಕೊಳ್ಳಿ: 3, 5, 6 ಸೇರಿ 14, ಉಳಿದದ್ದು 1. ಮೊದಲ ಏಟಿಗೇ ಸರಿಹೋಯಿತು. ಇದು ಅದೃಷ್ಟವೇ ಎಂದು ಮಕ್ಕಳು ಕೇಳಲಿ. ಹಾಗಾದರೆ 30 ಅಂದುಕೊಂಡು ನೋಡಿ ಎನ್ನಿ. ಎರಡು ಉಳಿಯುತ್ತವೆ, ಬೇಕಾದದ್ದು ಒಂದು, ಆದ್ದರಿಂದ ಅಂದುಕೊಂಡದ್ದನ್ನೂ ಅರ್ಧ ಮಾಡಬೇಕು.

ಬಸವನಹುಳುವಿನ ಪಜಲ್ ಚಿಕ್ಕದು, ಅದನ್ನು ಒಂಟಿಯಾಗಿ ಕೊಡದೆ ಗಿಡ ನೆಡುವ ಲೆಕ್ಕದ ಜೊತೆ ಕಟ್ಟಿ. 10 ಅಡಿ ಬಾವಿ, ಹಗಲು 3 ಅಡಿ ಹತ್ತಿ ರಾತ್ರಿ 2 ಅಡಿ ಜಾರಿದರೆ ಹತ್ತನೆಯ ದಿನವಲ್ಲ, ಎಂಟನೆಯ ದಿನವೇ ಮೇಲೆ ಬರುತ್ತದೆ. 60 ಅಡಿ ಸಾಲಿನಲ್ಲಿ 6 ಅಡಿಗೊಂದು ಅರೇಬಿಕಾ ಕಾಫಿ ಗಿಡ, ಎರಡೂ ತುದಿಯಲ್ಲಿ ಗಿಡ ಬೇಕು ಎಂದರೆ 10 ಅಲ್ಲ, 11. ಎರಡರಲ್ಲೂ ತಪ್ಪು ಆಗುವುದು ತುದಿಯಲ್ಲಿ. ಉಪಾಯವೂ ಒಂದೇ, ಸಣ್ಣ ಸಂಖ್ಯೆಯಿಂದ ಶುರು: 6 ಅಡಿಗೆ ಎರಡು ಗಿಡ, 12ಕ್ಕೆ ಮೂರು, 18ಕ್ಕೆ ನಾಲ್ಕು. ಆಮೇಲೆ ಕೆರೆಯ ಸುತ್ತ 60 ಅಡಿ ಎಂದು ಬದಲಿಸಿದರೆ ಹತ್ತೇ. ಏಕೆ ಎಂದು ತೋಟದ ಮಕ್ಕಳು ನಿಮಗಿಂತ ಚೆನ್ನಾಗಿ ಹೇಳಬಲ್ಲರು.

ಇನ್ನು ಆ ಮೂವರ ವಿಷಯ. ಅವರನ್ನು ಬಾಯಿ ಮುಚ್ಚಿಸಿ ಕೂರಿಸಿದರೆ ಉತ್ಸಾಹ ಹೋಗುತ್ತದೆ, ಮಾತಾಡಲು ಬಿಟ್ಟರೆ ಉಳಿದವರ ಯೋಚನೆ ನಿಲ್ಲುತ್ತದೆ. ಉತ್ತರ ಗೊತ್ತಾದವರು ಅದನ್ನು ಹೇಳದೆ, ಸಂಖ್ಯೆ ಬದಲಿಸಿ ಹೊಸದೊಂದನ್ನು ಕಟ್ಟಬೇಕು, ಇಲ್ಲವೇ ಪಜಲ್ ಬಿಡಿಸಲಾಗದಂತೆ ಮಾಡಬೇಕು ಎಂದು ನಿಯಮ ಮಾಡಿ. 8 ತಲೆಗೆ 21 ಕಾಲು ಎಂದರೆ ಏಕೆ ಆಗದು? ಇದು ಅವರಿಗೂ ಸುಲಭವಲ್ಲ.

ಹತ್ತೊಂಬತ್ತು ಮಂದಿ ಸುಮ್ಮನಿರುವುದಕ್ಕೆ ಗಣಿತವಲ್ಲದ ಕಾರಣವೂ ಇರಬಹುದು. ಲೈನ್ ಮನೆಯ ಮಕ್ಕಳ ಮನೆಮಾತು ಯರವ, ಮಲಯಾಳಂ, ತಮಿಳು, ತುಳು ಏನೇ ಇರಬಹುದು. ಊರಿನ ಮಕ್ಕಳದು ಕೊಡವ ತಕ್ಕ್ ಅಥವಾ ಅರೆಭಾಷೆ. ಪಜಲ್ ಎಂದರೆ ಒಂದೊಂದು ಶಬ್ದಕ್ಕೂ ಬೆಲೆ. "ತಲಾ", "ಕನಿಷ್ಠ", "ಉಳಿದವು" ಇವುಗಳಲ್ಲಿ ಒಂದು ತಪ್ಪಿದರೂ ಲೆಕ್ಕವೇ ಬೇರೆ. ಪಜಲನ್ನು ಎರಡು ಸಲ ಬಾಯಲ್ಲಿ ಹೇಳಿ, ಒಮ್ಮೆ ಆಡಿ ತೋರಿಸಿ, ಒಂದು ಮಗು ತನ್ನ ಮಾತಿನಲ್ಲಿ ಮತ್ತೆ ಹೇಳಲಿ. ಸಾಧ್ಯವಾದಷ್ಟೂ ಮನೆಮಾತು ಒಂದೇ ಇರುವ ಇಬ್ಬರನ್ನು ಜೋಡಿ ಮಾಡಿ. ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಬರೆಯುವುದು ಕನ್ನಡದಲ್ಲಿ.

40 ನಿಮಿಷದ ಪೀರಿಯಡ್ ಹೀಗೆ ಹೋಗಬಹುದು: ಹೇಳಿ ಆಡಿ ತೋರಿಸಲು 8 ನಿಮಿಷ, ಒಬ್ಬೊಬ್ಬರೇ ಮಾತಿಲ್ಲದೆ ಯೋಚಿಸಲು 5, ಜೋಡಿಯಲ್ಲಿ 12, ಬೋರ್ಡಿನ ಮೇಲೆ 15. ಆ 5 ನಿಮಿಷದಲ್ಲಿ ಪ್ರತಿ ಮಗುವೂ ಒಂದು ಚಿತ್ರವನ್ನೋ ಒಂದು ಸಾಲನ್ನೋ ಬರೆಯಲೇಬೇಕು. ಬೋರ್ಡಿಗೆ ಮೊದಲು ಸರಿ ಉತ್ತರದವರನ್ನು ಕರೆಯಬೇಡಿ. ಅರ್ಧದಾರಿಯಲ್ಲಿ ನಿಂತ ಒಂದು ಜೋಡಿಯನ್ನು ಕರೆಯಿರಿ, ಮುಂದಿನ ಹೆಜ್ಜೆ ತರಗತಿ ಹೇಳಲಿ.

ಉತ್ತರ ಹೇಳಬೇಕೇ ಎಂದು ಕೇಳಿದ್ದೀರಿ. ಅದೇ ದಿನ ಹೇಳಬೇಡಿ, ಆದರೆ ವಾರಗಟ್ಟಲೆ ಕಟ್ಟಿಯೂ ಇಡಬೇಡಿ. ಸತತವಾಗಿ ಮೂರ್ನಾಲ್ಕು ಸಲ ಬರಿಗೈಯಲ್ಲಿ ಮನೆಗೆ ಹೋದ ಮಗು ಐದನೆಯ ಸಲ ಪ್ರಯತ್ನವನ್ನೇ ಮಾಡುವುದಿಲ್ಲ. ಪ್ರತಿ ಪಜಲ್‌ಗೂ ಮೂರು ಸುಳಿವಿನ ಚೀಟಿ ಮೊದಲೇ ಬರೆದಿಟ್ಟುಕೊಳ್ಳಿ: ಚಿತ್ರ ಬರೆಯಲು ಹೇಳುವುದೊಂದು, ಸಂಖ್ಯೆ ಚಿಕ್ಕದು ಮಾಡಲು ಹೇಳುವುದೊಂದು, ಮೊದಲ ಹೆಜ್ಜೆ ಕೊಡುವುದೊಂದು. ಕೇಳಿದ ಜೋಡಿಗೆ ಒಂದೊಂದಾಗಿ ಕೊಡಿ.

ಮುಖ್ಯ ಶಿಕ್ಷಕರ ಮಾತಿನಲ್ಲೂ ಹುರುಳಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಯಾವ ದಿನ ರಜೆ ಘೋಷಣೆಯಾಗುತ್ತದೋ ಗೊತ್ತಿಲ್ಲದ ಜಿಲ್ಲೆ ನಮ್ಮದು. ನಿಮ್ಮ ಮುಂದೆ ಎರಡು ದಾರಿ. ಶನಿವಾರದ ಪೀರಿಯಡ್ ಹಾಗೇ ಇಟ್ಟು, ಒಂದು ವಾರ ಪಜಲ್, ಮುಂದಿನ ವಾರ ಅದೇ ಉಪಾಯದ ಪುಸ್ತಕದ ಲೆಕ್ಕ ಮಾಡಿಸುವುದು ಒಂದು. ರಜೆ ನಡುವೆ ಬಂದು ಎರಡನೆಯ ವಾರ ತಪ್ಪಿದರೆ ಸೇತುವೆ ಮುರಿದು ಪಜಲ್ ಮತ್ತೆ ಬರೀ ಆಟವಾಗುತ್ತದೆ. ಪ್ರತಿ ಪಾಠದ ಬಾಗಿಲಲ್ಲೇ ಅದಕ್ಕೆ ಹೊಂದುವ ಪಜಲ್ ಇಡುವುದು ಇನ್ನೊಂದು: ಭಿನ್ನರಾಶಿಗೆ ಜೇನುಹುಳು, ಸಮೀಕರಣಕ್ಕೆ ಮೂಟೆ. ಇದರಲ್ಲಿ ಸಮಯ ಉಳಿಯುತ್ತದೆ. ಆದರೆ ಯಾವ ಉಪಾಯ ಬೇಕೆಂದು ಪಾಠದ ಹೆಸರೇ ಹೇಳಿಬಿಡುವುದರಿಂದ ಆರಿಸುವ ಕಷ್ಟ ಮಗುವಿಗೆ ಬರುವುದಿಲ್ಲ, ಪರೀಕ್ಷೆಯಲ್ಲಿ ಬೇಕಾಗಿರುವುದು ಅದೇ. ನಿಮ್ಮ ಸ್ಥಿತಿಗೆ ಎರಡನೆಯದನ್ನೇ ಹಿಡಿದು, ತಿಂಗಳ ಕೊನೆಯ ಶನಿವಾರ ಮೂರು ಬಗೆಯ ಲೆಕ್ಕಗಳನ್ನು ಬೆರೆಸಿ ಕೊಡುವುದು ಒಳ್ಳೆಯದು. ಅಂದು ಉತ್ತರಕ್ಕೆ ಅಂಕ ಬೇಡ. ಗೋಡೆಯ ಚಾರ್ಟಿನಿಂದ ಯಾವ ಉಪಾಯ ಆರಿಸಿದರು, ಮೊದಲ ಹೆಜ್ಜೆ ಬರೆದರೇ ಎಂದಷ್ಟೇ ಎಣಿಸಿ. ಖಾಲಿ ಬಿಟ್ಟ ಹಾಳೆಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಅದನ್ನೇ ಮುಖ್ಯ ಶಿಕ್ಷಕರಿಗೂ ಪೋಷಕರಿಗೂ ತೋರಿಸಿ. ಒಂದು ತಿಂಗಳಲ್ಲಿ ಅಂಕ ಏರುತ್ತದೆ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ.

ಸದ್ಯಕ್ಕೆ ಬದಿಗಿಡಬೇಕಾದವೂ ಇವೆ. ವಾಟ್ಸಾಪ್‌ನಲ್ಲಿ ಓಡಾಡುವ ಹಣ್ಣಿನ ಚಿತ್ರದ ಲೆಕ್ಕಗಳಲ್ಲಿ ಗೊನೆಯಿಂದ ಒಂದು ಬಾಳೆಹಣ್ಣು ಕಡಿಮೆ ಮಾಡಿ ಮೋಸ ಮಾಡುವುದೇ ಆಟ, ಕಲಿಯಲು ಏನಿಲ್ಲ. ಬೆಂಕಿಕಡ್ಡಿ ಸರಿಸುವವು ಹೊಳೆದರೆ ಹೊಳೆದವು, ಇಲ್ಲದಿದ್ದರೆ ಇಲ್ಲ, ಮುಂದಿನದಕ್ಕೆ ಒಯ್ಯುವಂಥ ಉಪಾಯ ಅವುಗಳಲ್ಲಿ ಕಡಿಮೆ. 1ರಿಂದ 100ರವರೆಗೆ ಕೂಡುವುದನ್ನು ಕೊಡಿ, 1+100, 2+99 ಎಂದು ಜೋಡಿ ಮಾಡಿದರೆ 50 ಜೋಡಿ, 5050. ಮುಂದೆ ದೊಡ್ಡ ಗಣಿತಜ್ಞನಾದ ಬಾಲಕ ಗೌಸ್ ಇದನ್ನು ಕ್ಷಣದಲ್ಲಿ ಹೇಳಿದ ಎಂಬ ಕಥೆ ಮಾತ್ರ ಬೇಡ, ಅದನ್ನು ಕೇಳಿದ ಮಕ್ಕಳು ಬೇಗ ಹೇಳುವುದೇ ಜಾಣತನ ಎಂದುಕೊಳ್ಳುತ್ತಾರೆ. ತೂಕದ ತಕ್ಕಡಿಯಲ್ಲಿ ಖೋಟಾ ನಾಣ್ಯ ಹುಡುಕುವುದು ಚೆನ್ನಾಗಿದೆ. 9 ನಾಣ್ಯದಲ್ಲಿ ಹಗುರವಾದ ಒಂದನ್ನು ಎರಡೇ ತೂಕದಲ್ಲಿ ಹಿಡಿಯುವುದು 7ನೇ ತರಗತಿಗೆ ಸಾಕು, ಮೂರು ಮೂರಾಗಿ ಗುಂಪು ಮಾಡಿ ತೂಗಬೇಕು. ಭಾರವೋ ಹಗುರವೋ ಗೊತ್ತಿಲ್ಲದ 12 ನಾಣ್ಯದ ಪಜಲ್ ಹೈಸ್ಕೂಲಿಗೆ ಹೋಗುವವರೆಗೆ ಕಾಯಲಿ.